ಇಂಜೆಕ್ಷನ್ ಎಂಜಿನ್ ಹೊತ್ತ ಹಳೆಯ ಕಾರಿಗೆ ಸರ್ಜ್ ಟ್ಯಾಂಕ್
ಕಾರಿನ ಮುಖ್ಯ ಪೆಟ್ರೋಲ್ ಟ್ಯಾಂಕಿಗೂ ಎಂಜಿನ್ನಿಗೆ ಒತ್ತಡದಲ್ಲಿ ಪೆಟ್ರೋಲ್ ತಳ್ಳುವ ಪಂಪಿಗೂ ನಡುವೆ ಕೂರಿಸುವ ಪುಟ್ಟ ಟ್ಯಾಂಕೇ ಸರ್ಜ್ ಟ್ಯಾಂಕ್. ಹಿಡಿಯುವುದು ಒಂದರಿಂದ ಮೂರು ಲೀಟರ್ ಅಷ್ಟೆ. ಸಾಮಾನ್ಯವಾಗಿ ಅಲ್ಯೂಮಿನಿಯಂನದು, ನೆಟ್ಟಗೆ ನಿಲ್ಲಿಸಿದ ಡಬ್ಬಿಯ ಆಕಾರದ್ದು, ನಾಲ್ಕು ಪೈಪುಗಳು ಸೇರುವಂಥದ್ದು. ಬ್ರಿಟನ್ನಿನ ಗ್ಯಾರೇಜುಗಳಲ್ಲಿ ಇದನ್ನು ಸ್ವರ್ಲ್ ಪಾಟ್ ಎಂದೂ ಕರೆಯುತ್ತಾರೆ. ಕಾರು ತಿರುವಿನಲ್ಲಿ ಎಷ್ಟೇ ಜೋರಾಗಿ ಹೊರಳಲಿ, ಬ್ರೇಕ್ ಎಷ್ಟೇ ಗಟ್ಟಿಯಾಗಿ ಬೀಳಲಿ, ಮುಖ್ಯ ಟ್ಯಾಂಕಿನಲ್ಲಿ ಪೆಟ್ರೋಲ್ ತಳ ಹಿಡಿದಿರಲಿ, ಇಂಜೆಕ್ಷನ್ ಪಂಪಿನ ಬಾಯಿಗೆ ಗಾಳಿ ಹೋಗದ ಹಾಗೆ ನೋಡಿಕೊಳ್ಳುವುದು ಇದರ ಕೆಲಸ.

ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಈ ಕೆಲಸಕ್ಕೆ ಬೇರೆ ಟ್ಯಾಂಕ್ ಬೇಕಿರಲಿಲ್ಲ. ಕಾರ್ಬ್ಯುರೇಟರಿನ ಪಕ್ಕದಲ್ಲೇ ಫ್ಲೋಟ್ ಬೌಲ್ ಇರುತ್ತಿತ್ತು. ಪಂಪ್ ತಂದ ಪೆಟ್ರೋಲ್ ಮೊದಲು ಅಲ್ಲಿ ತುಂಬಿಕೊಂಡು, ಅಲ್ಲಿಂದ ಜೆಟ್ಟಿಗೆ ಹೋಗುತ್ತಿತ್ತು. ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲ್ ಒಂದು ಮೂಲೆಗೆ ಓಡಿ ಪಂಪ್ ನಾಲ್ಕು ಸೆಕೆಂಡು ಬರೀ ಗಾಳಿ ಎಳೆದರೂ ಎಂಜಿನ್ನಿಗೆ ಅದು ಗೊತ್ತಾಗುತ್ತಿರಲಿಲ್ಲ. ಬೌಲಿನಲ್ಲಿದ್ದ ದಾಸ್ತಾನಿನಲ್ಲೇ ಅದು ಓಡುತ್ತಿತ್ತು. ಪೈಪಿನಲ್ಲಿ ಬಂದ ಗಾಳಿಯ ಗುಳ್ಳೆ ಬೌಲಿನ ಮೇಲ್ಗಡೆಯ ತೂತಿನಿಂದ ಹೊರಗೆ ಹೋಗುತ್ತಿತ್ತು. ಕಾರ್ಬ್ಯುರೇಟರ್ ಬಿಚ್ಚಿ ಇಂಜೆಕ್ಷನ್ ಹಾಕಿದ ದಿನ ಕಾರಿನಿಂದ ಹೊರಗೆ ಹೋಗುವುದು ಜೆಟ್ಟು, ಚೋಕು ಮಾತ್ರವಲ್ಲ, ಆ ದಾಸ್ತಾನೂ ಹೋಗುತ್ತದೆ. ಸರ್ಜ್ ಟ್ಯಾಂಕ್ ಅದನ್ನೇ ಬೇರೆ ಜಾಗದಲ್ಲಿ, ಇನ್ನಷ್ಟು ದೊಡ್ಡದಾಗಿ ಮರಳಿ ಕೊಡುತ್ತದೆ. ಹೀಗೆ ನೋಡಿದರೆ ಅದರ ಪೈಪುಗಳೆಲ್ಲ ಏಕೆ ಹಾಗೆ ಹೋಗುತ್ತವೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ಇಂಜೆಕ್ಷನ್ನಿಗೆ ಗಾಳಿ ಏಕೆ ಆಗದು ಎಂದರೆ, ಅದು ನಡೆಯುವುದೇ ಒತ್ತಡದ ಮೇಲೆ. ಕಾರ್ಬ್ಯುರೇಟರ್ ಕಾರಿನ ಪಂಪಿನ ಒತ್ತಡ ಹೆಚ್ಚೆಂದರೆ 0.2ರಿಂದ 0.35 ಬಾರ್. ಇಂಜೆಕ್ಷನ್ ಪೈಪಿನಲ್ಲಿ ಎರಡೂವರೆಯಿಂದ ಮೂರು ಬಾರ್. ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದು ಕಂಪ್ಯೂಟರ್ ಲೆಕ್ಕ ಹಾಕುವುದು ಈ ಒತ್ತಡ ಕದಲದೆ ನಿಂತಿದೆ ಎಂಬ ನಂಬಿಕೆಯ ಮೇಲೆ. ಪಂಪಿನೊಳಗೆ ಒಂದು ಗುಟುಕು ಗಾಳಿ ಹೊಕ್ಕರೆ ಆ ಒತ್ತಡ ಕುಸಿಯುತ್ತದೆ, ಎಂಜಿನ್ ಕೆಮ್ಮುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ನಿಂತರೆ ಒಂದು ಲೆಕ್ಕಕ್ಕೆ ಒಳ್ಳೆಯದೇ. ಪೂರ್ತಿ ಆಕ್ಸಿಲರೇಟರ್ ಒತ್ತಿದ ಹೊತ್ತಿನಲ್ಲಿ ನಿಲ್ಲದೆ, ಪೆಟ್ರೋಲ್ ಕಮ್ಮಿ ಗಾಳಿ ಜಾಸ್ತಿ ಎಂಬ ಮಿಶ್ರಣದಲ್ಲೇ ಓಡಿದರೆ ಸಿಲಿಂಡರಿನೊಳಗೆ ಬಿಸಿ ಏರುತ್ತದೆ. ಟರ್ಬೊ ಇರುವ ಎಂಜಿನ್ನಿನಲ್ಲಿ ಪಿಸ್ಟನ್ ಸುಟ್ಟುಹೋಗುವುದೂ ಉಂಟು. ಪಂಪಿಗೂ ಇದು ಒಳ್ಳೆಯದಲ್ಲ. ಅದರ ಒಳಭಾಗ ತಣ್ಣಗಿರುವುದು, ನುಣ್ಣಗೆ ತಿರುಗುವುದು ತನ್ನೊಳಗೆ ಹರಿಯುವ ಪೆಟ್ರೋಲಿನಿಂದಲೇ. ಒಣಗಿ ಓಡಿದ ಪಂಪ್ ಮೊದಲು ಕಿರುಚುತ್ತದೆ, ಆಮೇಲೆ ಸಾಯುತ್ತದೆ.

ಟ್ಯಾಂಕಿನೊಳಗೆ ಪೆಟ್ರೋಲ್ ಎಷ್ಟು ವಾಲುತ್ತದೆ ಎಂಬುದಕ್ಕೆ ಸುಲಭವಾದ ಲೆಕ್ಕವಿದೆ. ತಿರುವಿನಲ್ಲಿ ಕಾರನ್ನು ಪಕ್ಕಕ್ಕೆ ಎಳೆಯುವ ಬಲ ಗುರುತ್ವದ ಅರ್ಧದಷ್ಟಿದ್ದರೆ ಪೆಟ್ರೋಲಿನ ಮೇಲ್ಮೈ ಸುಮಾರು 27 ಡಿಗ್ರಿ ಓರೆಯಾಗುತ್ತದೆ. ಗುರುತ್ವದಷ್ಟೇ ಇದ್ದರೆ 45 ಡಿಗ್ರಿ. ಅಗಲವಾದ ಪರಾತದಲ್ಲಿ ನೀರು ಹೊತ್ತು ಓಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಹಳೆಯ ಕಾರುಗಳ ಟ್ಯಾಂಕುಗಳು ಬಹುಪಾಲು ಹಾಗೆಯೇ ಅಗಲ, ಚಪ್ಪಟೆ. ಒಳಗೆ ಅಡ್ಡತಡೆಗಳು ಇಲ್ಲವೇ ಇಲ್ಲ, ಇದ್ದರೂ ಹೆಸರಿಗೆ. ಪೆಟ್ರೋಲ್ ಎಳೆಯುವ ಪೈಪು ಒಂದೇ ಜಾಗದಲ್ಲಿ ಕೂತಿರುತ್ತದೆ. ಪೆಟ್ರೋಲ್ ಗೇಜಿನ ಮುಳ್ಳು ಕಾಲು ಟ್ಯಾಂಕಿನ ಗೆರೆಗೆ ಇಳಿದ ಮೇಲೆ ಉದ್ದನೆಯ ತಿರುವು ಒಂದು ಸಾಕು, ಆ ಪೈಪಿನ ಬಾಯಿ ಬಯಲಾಗುತ್ತದೆ.

ಹುಟ್ಟುತ್ತಲೇ ಇಂಜೆಕ್ಷನ್ ಇದ್ದ ಹಳೆಯ ಕಾರುಗಳಿಗೂ ಪೆಟ್ರೋಲ್ ಪೂರೈಕೆಯ ತಲೆನೋವು ತಪ್ಪಿರಲಿಲ್ಲ. 1967ರಲ್ಲಿ ಬಂದ ಬ್ರಿಟನ್ನಿನ ಟ್ರಯಂಫ್ ಟಿಆರ್5 ಕಾರಿನಲ್ಲಿ ಲ್ಯೂಕಸ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್ ಇತ್ತು. ಅದಕ್ಕೆ ಬೇಕಾದ ಒತ್ತಡ ಸುಮಾರು ಏಳು ಬಾರ್. ವೈಪರ್ ಮೋಟಾರಿನ ವಂಶದ ಮೋಟಾರಿನಿಂದ ಓಡುತ್ತಿದ್ದ ಅದರ ಪಂಪ್ ಬಿಸಿಯಾಗುತ್ತಿತ್ತು, ಬಿಸಿಯಾದ ಪೆಟ್ರೋಲ್ ಆವಿಯಾಗುತ್ತಿತ್ತು, ಒತ್ತಡ ಬೀಳುತ್ತಿತ್ತು. ಈಗ ಆ ಕಾರುಗಳನ್ನು ಇಟ್ಟುಕೊಂಡವರಲ್ಲಿ ಬಹಳ ಮಂದಿ ಅದನ್ನು ತೆಗೆದು ಬಾಷ್ ಕಂಪನಿಯ ಪಂಪ್ ಹಾಕಿಕೊಂಡಿದ್ದಾರೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಎರಡನೇ ತಲೆಮಾರಿನ ಗಾಲ್ಫ್ ಜಿಟಿಐ ಕಾರಿನಲ್ಲಿ ಇನ್ನೊಂದು ದಾರಿ ಹಿಡಿಯಿತು: ಟ್ಯಾಂಕಿನೊಳಗೆ ಎತ್ತುವ ಪಂಪ್ ಒಂದು, ಕಾರಿನ ಅಡಿಯಲ್ಲಿ ಪುಟ್ಟ ಸಂಗ್ರಹದ ಡಬ್ಬಿ, ಅದರಲ್ಲೇ ಒತ್ತಡದ ಪಂಪ್. ಕಾರ್ಖಾನೆಯವರೇ ಕೂರಿಸಿ ಕಳಿಸಿದ ಸರ್ಜ್ ಟ್ಯಾಂಕ್ ಎಂದರೆ ಅದೇ.

ಸರ್ಜ್ ಟ್ಯಾಂಕಿನ ಅಗತ್ಯ ಸ್ಪಷ್ಟವಾಗಿ ಕಾಣುವ ಕಾರೆಂದರೆ ಎಂಜಿಬಿ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಈ ಎರಡು ಬಾಗಿಲ ಕಾರಿಗೆ ಮೂಲದಲ್ಲಿ ಇದ್ದದ್ದು 1.8 ಲೀಟರ್ ಎಂಜಿನ್, ಎಸ್‌ಯು ಕಂಪನಿಯ ಕಾರ್ಬ್ಯುರೇಟರ್. 1973ರಲ್ಲಿ ಕಂಪನಿಯೇ ರೋವರ್‌ನ 3.5 ಲೀಟರ್ ವಿ8 ಎಂಜಿನ್ ಅದರೊಳಗೆ ಕೂರಿಸಿ ಮೂರು ವರ್ಷ ಮಾರಿತು; ಅದೂ ಕಾರ್ಬ್ಯುರೇಟರಿನದೇ. 1992ರಲ್ಲಿ ಆರ್‌ವಿ8 ಹೆಸರಿನಲ್ಲಿ ಅದೇ ಕಾರಿಗೆ ಮರುಹುಟ್ಟು ಸಿಕ್ಕಾಗ 3.9 ಲೀಟರ್ ಇಂಜೆಕ್ಷನ್ ವಿ8 ಬಂತು, 190 ಅಶ್ವಶಕ್ತಿ. ಆ ಕಾರುಗಳಲ್ಲಿ ಹೆಚ್ಚಿನವು ಜಪಾನಿಗೆ ಹೋದವು. ಹಳೆಯ ಎಂಜಿಬಿಗಳಿಗೆ ರೇಂಜ್ ರೋವರ್‌ನಿಂದ ಬಿಚ್ಚಿದ 3.9 ಇಂಜೆಕ್ಷನ್ ಎಂಜಿನ್ ಹಾಕುವುದು ಬ್ರಿಟನ್ನಿನಲ್ಲಿ ಒಂದು ಜನಪ್ರಿಯ ಕಸುಬೇ ಆಯಿತು. ಎಂಜಿನ್ ಹೊಸದು, ಟ್ಯಾಂಕ್ ಮಾತ್ರ ಹಳೆಯದು: ಡಿಕ್ಕಿಯ ನೆಲದ ಕೆಳಗೆ ನೇತಾಡುವ, ಸುಮಾರು 50 ಲೀಟರಿನ ಚಪ್ಪಟೆ ಟ್ಯಾಂಕು. ಎಳೆಯಲು ಒಂದು ಪೈಪು. ಮರಳಿ ಬರುವ ಪೆಟ್ರೋಲಿಗೆ ಬಾಯಿಯೇ ಇಲ್ಲ.

ಇಂಥ ಕಾರಿನಲ್ಲಿ ಸರ್ಜ್ ಟ್ಯಾಂಕಿಗೆ ಎರಡು ಪಂಪುಗಳು ಬೇಕು. ಕಡಿಮೆ ಒತ್ತಡದ ಮೊದಲ ಪಂಪ್ ಮುಖ್ಯ ಟ್ಯಾಂಕಿನಿಂದ ಪೆಟ್ರೋಲ್ ಎತ್ತಿ ಸರ್ಜ್ ಟ್ಯಾಂಕಿಗೆ ಸುರಿಯುತ್ತದೆ. ಗಾಳಿ ಎಳೆದರೆ ಇದೇ ಎಳೆಯಬೇಕು; ಎಳೆದರೂ ತೊಂದರೆಯಿಲ್ಲ. ಸರ್ಜ್ ಟ್ಯಾಂಕಿನ ತಳದ ಬಾಯಿಯಿಂದ ಎರಡನೆಯ, ಹೆಚ್ಚು ಒತ್ತಡದ ಪಂಪ್ ಪೆಟ್ರೋಲ್ ತೆಗೆದುಕೊಂಡು ಎಂಜಿನ್ನಿನತ್ತ ತಳ್ಳುತ್ತದೆ. ಇಂಜೆಕ್ಟರುಗಳಿಗೆ ಬೇಕಾದಷ್ಟು ಉಳಿಸಿಕೊಂಡು, ಒತ್ತಡ ಕಾಯುವ ರೆಗ್ಯುಲೇಟರ್ ಉಳಿದದ್ದನ್ನು ಹಿಂದಕ್ಕೆ ಬಿಡುತ್ತದೆ. ಅದು ಮರಳಿ ಸರ್ಜ್ ಟ್ಯಾಂಕಿಗೇ ಬರುತ್ತದೆ. ನಾಲ್ಕನೆಯ ಪೈಪು ಸರ್ಜ್ ಟ್ಯಾಂಕಿನ ನೆತ್ತಿಯಿಂದ ಹೊರಟು ಮುಖ್ಯ ಟ್ಯಾಂಕಿಗೆ ಹೋಗುತ್ತದೆ. ತುಂಬಿ ಉಕ್ಕಿದ ಪೆಟ್ರೋಲ್, ಅದರ ಜತೆ ಗಾಳಿಯ ಗುಳ್ಳೆ, ಆವಿ ಎಲ್ಲ ಈ ದಾರಿಯಲ್ಲಿ ಹೊರಗೆ ಹೋಗುತ್ತವೆ. ಈ ನೆತ್ತಿಯ ಬಾಯಿ ಡಬ್ಬಿಯ ಎಲ್ಲಕ್ಕಿಂತ ಎತ್ತರದ ಬಿಂದುವಿನಲ್ಲೇ ಇರಬೇಕು. ಜಾಗ ಸಾಲದೆಂದು ಡಬ್ಬಿಯನ್ನು ಓರೆಯಾಗಿ ಮಲಗಿಸಿದರೆ ಮೇಲಿನ ಮೂಲೆಯಲ್ಲಿ ಗಾಳಿ ಸಿಕ್ಕಿಕೊಂಡು ಕೂರುತ್ತದೆ, ಅದಕ್ಕೆ ಹೊರದಾರಿ ಇರುವುದಿಲ್ಲ. ಮರಳಿ ಬರುವ ಪೈಪನ್ನು ಡಬ್ಬಿಯ ಗೋಡೆಗೆ ಅಂಟಿದಂತೆ ಪಕ್ಕದಿಂದ ಬಿಟ್ಟರೆ ಪೆಟ್ರೋಲ್ ಸುತ್ತುತ್ತಾ ಇಳಿಯುತ್ತದೆ. ಗುಳ್ಳೆಗಳು ನಡುವೆ ಸೇರಿ ಮೇಲೇರುತ್ತವೆ.

ಡಬ್ಬಿ ಎಷ್ಟು ದೊಡ್ಡದಿರಬೇಕು ಎಂಬ ಬಗ್ಗೆ ಕೊಳ್ಳುವವರು ಬೇಕಿಲ್ಲದಷ್ಟು ತಲೆ ಕೆಡಿಸಿಕೊಳ್ಳುತ್ತಾರೆ. 190 ಅಶ್ವಶಕ್ತಿ ಎಂದರೆ ಸುಮಾರು 142 ಕಿಲೊವ್ಯಾಟ್. ಪೂರ್ತಿ ಒತ್ತಿ ಓಡಿಸಿದಾಗ ಇಂಥ ಎಂಜಿನ್ ಒಂದು ಕಿಲೊವ್ಯಾಟ್‌ಗೆ ಗಂಟೆಗೆ 300 ಗ್ರಾಂ ಪೆಟ್ರೋಲ್ ಕುಡಿಯುತ್ತದೆ ಎಂದು ಹಿಡಿದರೆ ಗಂಟೆಗೆ 57 ಲೀಟರ್ ಆಯಿತು, ಅಂದರೆ ನಿಮಿಷಕ್ಕೆ ಒಂದು ಲೀಟರಿಗೂ ಸ್ವಲ್ಪ ಕಮ್ಮಿ. ಒಂದೂವರೆ ಲೀಟರಿನ ಡಬ್ಬಿ ಒಂದೂವರೆ ನಿಮಿಷ ಸಾಕು. ಆರು ಸೆಕೆಂಡಿನ ತಿರುವಿಗೆ ಖರ್ಚಾಗುವುದು ನೂರು ಮಿಲಿಲೀಟರಿನ ಒಳಗೆ. ರಸ್ತೆಯ ಮೇಲೆ ಒಂದೂವರೆ ನಿಮಿಷ ಪೂರ್ತಿ ಆಕ್ಸಿಲರೇಟರ್ ಒತ್ತಿಕೊಂಡು ಒಂದೇ ದಿಕ್ಕಿಗೆ ತಿರುಗುವವರು ಯಾರೂ ಇಲ್ಲ. ಡಬ್ಬಿ ಮೂರು ಲೀಟರಿನದಾದರೆ ಕೇಡೇನಿಲ್ಲ, ಆದರೆ ಅಪಘಾತದಲ್ಲಿ ಚೆಲ್ಲುವ ಪೆಟ್ರೋಲೂ ಅಷ್ಟು ಹೆಚ್ಚು. ಗಾತ್ರಕ್ಕಿಂತ ಹೆಚ್ಚು ಗಮನ ಬೇಕಾದದ್ದು ಪಂಪುಗಳ ಲೆಕ್ಕಕ್ಕೆ.

ಒತ್ತಡದ ಪಂಪ್ ಗಂಟೆಗೆ 120 ಲೀಟರೋ 200 ಲೀಟರೋ ತಳ್ಳಬಹುದು. ಆದರೆ ಎಂಜಿನ್ ಸುಡದ ಪೆಟ್ರೋಲ್ ಸರ್ಜ್ ಟ್ಯಾಂಕಿಗೇ ಮರಳುವುದರಿಂದ, ಮೊದಲ ಪಂಪ್ ತುಂಬಿಸಬೇಕಾದದ್ದು ಎಂಜಿನ್ ಸುಟ್ಟಷ್ಟನ್ನು ಮಾತ್ರ: ಇಲ್ಲಿ 57 ಲೀಟರ್. ಬಿಸಿಲಿಗೆ, ಬ್ಯಾಟರಿ ಇಳಿದ ಹೊತ್ತಿಗೆ, ವಯಸ್ಸಾದ ಪಂಪಿಗೆ ಎಂದು ಸ್ವಲ್ಪ ಸೇರಿಸಿ ಗಂಟೆಗೆ ನೂರು ಲೀಟರಿನ ಪಂಪ್ ಹಾಕಿದರೆ ನೆಮ್ಮದಿ. ಬಹಳ ಕಡೆ ಎಡವುವುದು ಇಲ್ಲೇ. ರೆಗ್ಯುಲೇಟರಿನಿಂದ ಮರಳುವ ಪೈಪನ್ನು ಮುಖ್ಯ ಟ್ಯಾಂಕಿಗೆ ಜೋಡಿಸಿಬಿಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. ಆಗ ಒತ್ತಡದ ಪಂಪ್ ತಳ್ಳುವ ಅಷ್ಟೂ ಪೆಟ್ರೋಲನ್ನು ಮೊದಲ ಪಂಪ್ ಒದಗಿಸಬೇಕು, ಒದಗಿಸಲಾಗದಿದ್ದರೆ ಸರ್ಜ್ ಟ್ಯಾಂಕ್ ನಿಧಾನವಾಗಿ ಬರಿದಾಗುತ್ತದೆ. ಎಂಜಿಬಿಯ ಮೂಲ ಎಸ್‌ಯು ಪಂಪನ್ನೇ ಉಳಿಸಿಕೊಳ್ಳುವ ಆಸೆ ಇದ್ದರೆ ಅದನ್ನು ಅಳೆದು ನೋಡುವುದು ಕಷ್ಟವಲ್ಲ: ಪಂಪಿನ ಪೈಪನ್ನು ಅಳತೆಯ ಗುರುತಿರುವ ಲೋಹದ ಕ್ಯಾನಿಗೆ ಬಿಟ್ಟು, ಬಯಲಿನಲ್ಲಿ, ಎಂಜಿನ್ ತಣ್ಣಗಿದ್ದಾಗ, ಸರಿಯಾಗಿ ಒಂದು ನಿಮಿಷ ಪಂಪ್ ಓಡಿಸಬೇಕು. ಕ್ಯಾನಿನಲ್ಲಿ ಒಂದೂವರೆ ಲೀಟರಿಗಿಂತ ಕಡಿಮೆ ಬಿದ್ದರೆ ಈ ಎಂಜಿನ್ನಿಗೆ ಅದು ಸಾಲದು. 1.8 ಲೀಟರಿನ ಎಂಜಿನ್ನಿಗೆ ಮಾಡಿದ ಪಂಪಿನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವುದೂ ನ್ಯಾಯವಲ್ಲ.

ಪೆಟ್ರೋಲ್ ಸರ್ಜ್ ಟ್ಯಾಂಕಿಗೂ ಎಂಜಿನ್ನಿಗೂ ನಡುವೆ ಮತ್ತೆ ಮತ್ತೆ ಸುತ್ತುವುದರಿಂದ ಅಡ್ಡಪರಿಣಾಮ ಒಂದಿದೆ: ಬಿಸಿ. ಎಂಜಿನ್ ಬಳಿ ಕಾದು ಬಂದ ಪೆಟ್ರೋಲ್ ಮತ್ತೆ ಅಲ್ಲಿಗೇ ಹೋಗುತ್ತದೆ. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತ ಕಾರಿನಲ್ಲಿ ಎಂಜಿನ್ ಸುಡುವುದು ತೀರಾ ಕಡಿಮೆ, ಆದರೆ ಪಂಪ್ ನೂರಾರು ಲೀಟರ್ ಸುತ್ತಿಸುತ್ತಲೇ ಇರುತ್ತದೆ. ಮೊದಲ ಪಂಪ್ ಹೆಚ್ಚುವರಿ ತರುವ ತಣ್ಣನೆಯ ಪೆಟ್ರೋಲ್ ಇಲ್ಲಿ ಉಪಕಾರಕ್ಕೆ ಬರುತ್ತದೆ. ಅದು ತುಂಬಿದಷ್ಟೂ ಬಿಸಿ ಪೆಟ್ರೋಲ್ ನೆತ್ತಿಯ ಪೈಪಿನಿಂದ ದೊಡ್ಡ ಟ್ಯಾಂಕಿಗೆ ಹೋಗಿ ಅಲ್ಲಿ ಆರುತ್ತದೆ. ಮೊದಲ ಪಂಪನ್ನು ಸ್ವಲ್ಪ ಧಾರಾಳವಾಗಿ ಆರಿಸಿಕೊಳ್ಳಿ ಎನ್ನುವುದಕ್ಕೆ ಇದು ಎರಡನೆಯ ಕಾರಣ.

ಇನ್ನು ಕೂರಿಸುವ ಜಾಗ. ಎಂಜಿನ್ ಪಕ್ಕದಲ್ಲಿ ಜಾಗವಿದ್ದರೂ ಅಲ್ಲಿ ಬೇಡ. ಬಿಸಿಯ ಮಾತು ಈಗಷ್ಟೇ ಬಂತು. ಡಿಕ್ಕಿಯೊಳಗೆ ಕೂರಿಸುವವರು ಬಹಳ. ಎಂಜಿಬಿಯಂಥ ಕಾರಿನಲ್ಲಿ ಡಿಕ್ಕಿಗೂ ಜನ ಕೂರುವ ಜಾಗಕ್ಕೂ ನಡುವೆ ಗಟ್ಟಿ ಗೋಡೆ ಇರುವುದಿಲ್ಲವಾದ್ದರಿಂದ, ಡಬ್ಬಿ ಮತ್ತು ಪಂಪುಗಳನ್ನು ಮುಚ್ಚಳವಿರುವ ಲೋಹದ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯ ತಳದಿಂದ ಕಾರಿನ ಹೊರಗೆ ಒಂದು ಪೈಪು ಬಿಡುವುದು ಸರಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಸೋರಿದರೆ ಕೆಳಗೇ ಕೂರುತ್ತದೆ. ಹಳೆಯ ಎಂಜಿಬಿಗಳಲ್ಲಿ ಸೀಟಿನ ಹಿಂದೆ, ನೆಲದ ಕೆಳಗೆ, ಆರು ವೋಲ್ಟಿನ ಎರಡು ಬ್ಯಾಟರಿಗಳಿಗೆ ಎರಡು ತೊಟ್ಟಿಗಳಿದ್ದವು. ಹನ್ನೆರಡು ವೋಲ್ಟಿನ ಒಂದೇ ಬ್ಯಾಟರಿಗೆ ಬದಲಾದ ಕಾರಿನಲ್ಲಿ ಒಂದು ತೊಟ್ಟಿ ಖಾಲಿ ಉಳಿದಿರುತ್ತದೆ. ಅದು ಹಿಂದಿನ ಆಕ್ಸಲ್‌ನ ಮುಂದೆ ಇರುವುದರಿಂದ ಹಿಂದಿನಿಂದ ಯಾರಾದರೂ ಗುದ್ದಿದರೆ ಡಬ್ಬಿಗೆ ಪೆಟ್ಟು ಬೀಳುವುದು ಕಷ್ಟ. ಆದರೆ ಪಕ್ಕದಲ್ಲೇ ಬ್ಯಾಟರಿ ಇದೆ, ಮೇಲಿನ ಮುಚ್ಚಳ ಜನ ಕೂರುವ ಕಡೆಗೇ ತೆರೆಯುತ್ತದೆ. ಗಾಳಿ ಸೋರದಂತೆ ಮುಚ್ಚದೆ ಆ ಜಾಗ ಬಳಸುವುದು ಅಪಾಯ. ಎಲ್ಲಿ ಕೂರಿಸಿದರೂ ಸೈಲೆನ್ಸರ್ ಪೈಪಿನಿಂದ ದೂರವಿರಬೇಕು.

ಒತ್ತಡದ ಪಂಪಿಗೆ ತಳ್ಳುವ ಶಕ್ತಿ ಎಷ್ಟಿದೆಯೋ ಎಳೆಯುವ ಶಕ್ತಿ ಅಷ್ಟೇ ಕಡಿಮೆ. ಅದನ್ನು ಸರ್ಜ್ ಟ್ಯಾಂಕಿನ ತಳಕ್ಕಿಂತ ಕೆಳಗೆ, ಆದಷ್ಟು ಹತ್ತಿರ ಕೂರಿಸಿದರೆ ಪೆಟ್ರೋಲ್ ತಾನಾಗಿ ಇಳಿದು ಅದರ ಬಾಯಿ ಸೇರುತ್ತದೆ. ಫಿಲ್ಟರಿನ ವಿಚಾರದಲ್ಲೂ ಇದೇ ತರ್ಕ. ಹಳೆಯ ಟ್ಯಾಂಕಿನ ತುಕ್ಕು ತಡೆಯಲು ಮೊದಲ ಪಂಪಿನ ಮುಂಚೆ ದೊಡ್ಡ ಕಣ್ಣಿನ ಜಾಲರಿ, ಇಂಜೆಕ್ಟರುಗಳನ್ನು ಕಾಯಲು ಒತ್ತಡದ ಪಂಪ್ ಆದ ಮೇಲೆ ಹತ್ತು ಮೈಕ್ರಾನಿನ ಸೂಕ್ಷ್ಮ ಫಿಲ್ಟರ್. ಒಳ್ಳೆಯದಾಗಲಿ ಎಂದು ಸೂಕ್ಷ್ಮ ಫಿಲ್ಟರನ್ನು ಒತ್ತಡದ ಪಂಪಿನ ಮುಂಚೆ ಹಾಕಿದರೆ ಪಂಪ್ ಎಳೆಯಲಾರದೆ ಪೆಟ್ರೋಲ್ ಅಲ್ಲೇ ಆವಿಯಾಗತೊಡಗುತ್ತದೆ.

ಮುಖ್ಯ ಟ್ಯಾಂಕಿಗೆ ಮರಳುವ ಬಾಯಿ ಇಲ್ಲದ ಕಾರಿನಲ್ಲಿ ಅದನ್ನು ಹೊಸದಾಗಿ ಮಾಡಬೇಕು. ಇಂಜೆಕ್ಷನ್ನಿಗೆಂದೇ ಮಾಡಿದ ಹೊಸ ಟ್ಯಾಂಕ್ ಕೊಳ್ಳುವುದು ಸುಲಭದ ದಾರಿ. ಪೆಟ್ರೋಲ್ ಕಂಡ ಹಳೆಯ ಟ್ಯಾಂಕಿಗೆ ವೆಲ್ಡಿಂಗ್ ಮಾಡುವುದು ಮನೆಯಲ್ಲಾಗಲಿ ಮಾಮೂಲಿ ವೆಲ್ಡಿಂಗ್ ಅಂಗಡಿಯಲ್ಲಾಗಲಿ ಆಗುವ ಕೆಲಸವಲ್ಲ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಪೆಟ್ರೋಲ್ ಮಟ್ಟ ಅಳೆಯುವ ಗೇಜಿನ ತಟ್ಟೆಯನ್ನು ಟ್ಯಾಂಕಿನಿಂದ ಹೊರತೆಗೆದು ಅದಕ್ಕೆ ಫಿಟಿಂಗ್ ಕೂರಿಸುವುದು ಅದಕ್ಕಿಂತ ವಾಸಿ. ಸರ್ಜ್ ಟ್ಯಾಂಕಿನ ನೆತ್ತಿಯಿಂದ ಇಲ್ಲಿಗೆ ಬರುವ ಪೈಪು ಸಣ್ಣದಾಗಬಾರದು, ಎಂಟು ಮಿಲಿಮೀಟರಾದರೂ ಇರಲಿ. ಅದರಲ್ಲಿ ತಡೆ ಉಂಟಾದರೆ ಸರ್ಜ್ ಟ್ಯಾಂಕಿನೊಳಗೆ ಒತ್ತಡ ಕಟ್ಟುತ್ತದೆ, ಗುಳ್ಳೆಗಳು ಹೊರಗೆ ಹೋಗುವುದು ನಿಲ್ಲುತ್ತದೆ.

ಹೋಸುಗಳಲ್ಲಿ ಉಳಿತಾಯ ಮಾಡಲೇಬಾರದು. ಕಾರ್ಬ್ಯುರೇಟರ್ ಕಾಲದ ರಬ್ಬರ್ ಹೋಸನ್ನು ಮೂರು ಬಾರ್ ಒತ್ತಡಕ್ಕೆ ನಂಬುವಂತಿಲ್ಲ. ಇಂಜೆಕ್ಷನ್ನಿಗೆ ಆರ್9 ಎಂಬ ಗುರುತಿನ ಹೋಸು ಸಿಗುತ್ತದೆ. ಅದಕ್ಕೆ ಕ್ಲಿಪ್ಪುಗಳೂ ಬೇರೆಯವೇ ಬೇಕು; ಸೀಳುಗಳಿರುವ ಮಾಮೂಲಿ ಕ್ಲಿಪ್ ಬಿಗಿದಂತೆ ರಬ್ಬರನ್ನು ಕೊರೆಯುತ್ತದೆ. ಭಾರತದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿದೆ. ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ನೀರನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ಒಳಗೋಡೆಗೆ ಅಂಟಿದ ಹಳೆಯ ಜಿಡ್ಡನ್ನು ಕರಗಿಸಿ ಫಿಲ್ಟರಿಗೆ ತಂದು ಸುರಿಯುತ್ತದೆ. ಸರ್ಜ್ ಟ್ಯಾಂಕಿನ ಬದಲಿಗೆ, ಪೆಟ್ರೋಲ್ ಅಲುಗದಿರಲೆಂದು ಮುಖ್ಯ ಟ್ಯಾಂಕಿನೊಳಗೆ ಸ್ಪಂಜು ತುಂಬುವ ಪದ್ಧತಿಯೂ ಒಂದಿದೆ. ಎಥೆನಾಲ್‌ಗೆ ಹೊಂದದ ಸ್ಪಂಜು ಕೆಲ ಕಾಲದಲ್ಲಿ ಪುಡಿಯಾಗಿ ಅದೇ ಫಿಲ್ಟರನ್ನು ಕಟ್ಟಿಹಾಕುತ್ತದೆ. ಸರ್ಜ್ ಟ್ಯಾಂಕ್ ಬೇಡವೆನ್ನುವವರಿಗೆ ಇರುವ ಒಳ್ಳೆಯ ದಾರಿ ಇಂದಿನ ಕಾರುಗಳದು: ಟ್ಯಾಂಕಿನೊಳಗೇ ಒಂದು ಪ್ಲಾಸ್ಟಿಕ್ ಬಕೆಟ್ಟು, ಅದರಲ್ಲಿ ಮುಳುಗಿದ ಪಂಪು. ಆ ಬಕೆಟ್ಟು ಸದಾ ತುಂಬಿರುವಂತೆ ಪೆಟ್ರೋಲಿನ ಹರಿವೇ ಸುತ್ತಲಿನ ಪೆಟ್ರೋಲನ್ನು ಒಳಗೆಳೆಯುತ್ತದೆ. ಆದರೆ ಚಪ್ಪಟೆ ಟ್ಯಾಂಕಿನಲ್ಲಿ ಆ ಬಕೆಟ್ಟಿಗೆ ಬೇಕಾದ ಎತ್ತರವೇ ಇರುವುದಿಲ್ಲ.

ಕಾನೂನಿನ ಮಾತೂ ಒಂದಿದೆ. 2021ರ ನಿಯಮಗಳ ಪ್ರಕಾರ ಭಾರತದಲ್ಲಿ ವಿಂಟೇಜ್ ಎಂದು ನೋಂದಾಯಿಸಿಕೊಳ್ಳಲು ವಾಹನಕ್ಕೆ 50 ವರ್ಷ ತುಂಬಿರಬೇಕು, ಜತೆಗೆ ಅದು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಮಾಡಿರಬಾರದು. ಎಂಜಿನ್ ಬದಲಿಸುವ ಯೋಚನೆ ಇರುವವರು ಸ್ಪ್ಯಾನರ್ ಹಿಡಿಯುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು.

ವೈರಿಂಗಿನಲ್ಲಿ ಎರಡು ಪಂಪುಗಳಿಗೂ ಪ್ರತ್ಯೇಕ ರಿಲೇ, ಪ್ರತ್ಯೇಕ ಫ್ಯೂಸ್. ಎಂಜಿನ್ ನಿಂತ ಕೂಡಲೇ ಪಂಪುಗಳೂ ನಿಲ್ಲುವಂತೆ ರಿಲೇಗಳನ್ನು ಇಂಜೆಕ್ಷನ್ ಕಂಪ್ಯೂಟರ್ ಹಿಡಿತದಲ್ಲಿಡಬೇಕು. ಢಿಕ್ಕಿಯ ಹೊಡೆತಕ್ಕೆ ವಿದ್ಯುತ್ ಕಡಿದುಹಾಕುವ ಇನರ್ಷಿಯಾ ಸ್ವಿಚ್ಚನ್ನೂ ನಡುವೆ ಸೇರಿಸಬೇಕು. ಮೂಲ ಎಂಜಿಬಿಯಲ್ಲಿದ್ದಂತೆ ಕೀಲಿ ತಿರುಗಿಸಿದರೆ ಪಂಪಿಗೆ ವಿದ್ಯುತ್ ಹೋಗುತ್ತಲೇ ಇರುವ ವ್ಯವಸ್ಥೆ ಮೂರು ಬಾರ್ ಪೆಟ್ರೋಲಿಗೆ ಸಲ್ಲದು.

ಎಲ್ಲ ಜೋಡಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡುವ ಅವಸರ ಬೇಡ. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಕೈಗೆಟುಕುವಲ್ಲಿಟ್ಟುಕೊಂಡು, ಮೊದಲು ಎತ್ತುವ ಪಂಪೊಂದನ್ನೇ ಓಡಿಸಬೇಕು. ಸರ್ಜ್ ಟ್ಯಾಂಕ್ ತುಂಬಿ ನೆತ್ತಿಯ ಪೈಪಿನಿಂದ ಮುಖ್ಯ ಟ್ಯಾಂಕಿಗೆ ಪೆಟ್ರೋಲ್ ಬೀಳುವ ಸದ್ದು ಆ ಟ್ಯಾಂಕಿನ ಮುಚ್ಚಳ ತೆಗೆದರೆ ಕೇಳಿಸುತ್ತದೆ. ಆಮೇಲೆ ಒತ್ತಡದ ಪಂಪ್. ಪ್ರತಿ ಜೋಡಣೆಯ ಕೆಳಗೂ ಒಣ ಬಟ್ಟೆಯಿಂದ ಒರೆಸಿ ನೋಡಬೇಕು. ಒತ್ತಡದ ಗೇಜು ಜೋಡಿಸಿದರೆ ರೋವರ್ ವಿ8ಗೆ ಸುಮಾರು ಎರಡೂವರೆ ಬಾರ್ ತೋರಿಸಬೇಕು. ಎಂಜಿನ್ ನಿಧಾನಕ್ಕೆ ಓಡುವಾಗ ಅದು ಎರಡರ ಆಸುಪಾಸಿಗೆ ಇಳಿಯುವುದು ದೋಷವಲ್ಲ, ಇನ್‌ಟೇಕಿನ ನಿರ್ವಾತಕ್ಕೆ ತಕ್ಕಂತೆ ರೆಗ್ಯುಲೇಟರ್ ಹಾಗೆ ಮಾಡುತ್ತದೆ. ಕೊನೆಯ ಪರೀಕ್ಷೆ ವಾಹನಗಳಿಲ್ಲದ ಬಯಲಿನಲ್ಲಿ: ಮುಖ್ಯ ಟ್ಯಾಂಕಿನಲ್ಲಿ ಐದಾರು ಲೀಟರ್ ಮಾತ್ರ ಬಿಟ್ಟುಕೊಂಡು ಎಡಕ್ಕೊಮ್ಮೆ, ಬಲಕ್ಕೊಮ್ಮೆ ದೊಡ್ಡ ವೃತ್ತದಲ್ಲಿ ಸುತ್ತಬೇಕು. ಎತ್ತುವ ಪಂಪಿನ ಸದ್ದು ಬದಲಾದರೆ ಅದು ಗಾಳಿ ಎಳೆಯುತ್ತಿದೆ ಎಂದರ್ಥ. ಆಗಲೂ ಒತ್ತಡದ ಗೇಜಿನ ಮುಳ್ಳು ತಟ್ಟನೆ ಕುಸಿಯದಿದ್ದರೆ ಕೆಲಸ ಸರಿಯಾಗಿದೆ. ಮೊದಲ ಐನೂರು ಕಿಲೋಮೀಟರ್ ಓಡಿದ ಮೇಲೆ ಎರಡೂ ಫಿಲ್ಟರುಗಳನ್ನು ಬದಲಿಸಬೇಕು. ಹೊಸ ಪಂಪುಗಳು ಹಳೆಯ ಟ್ಯಾಂಕಿನ ಎಷ್ಟೋ ವರ್ಷಗಳ ಕೊಳೆಯನ್ನು ಅಷ್ಟರಲ್ಲಿ ಅಲ್ಲಿಗೆ ತಂದು ಸೇರಿಸಿರುತ್ತವೆ.